ವೋಚರ್ ಕೊಟ್ಟರೆ ಶಾಲೆ ಆರಿಸೋದು ಪೋಷಕರಾ, ಮಗುವನ್ನು ಆರಿಸೋದು ಶಾಲೆಯಾ?

ಸರ್ಕಾರಿ ಶಾಲೆಗೆ ಹಾಕುವ ದುಡ್ಡನ್ನು ವೋಚರ್ ಮಾಡಿ ಪೋಷಕರ ಕೈಗೇ ಕೊಟ್ಟರೆ, ಪೈಪೋಟಿಯಿಂದ ಎಲ್ಲ ಶಾಲೆಗಳೂ ಸುಧಾರಿಸುವುದಿಲ್ಲವೇ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಲಗ್ಗೆರೆಯವನು, ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಯಾವ ಮಗು ಬೇಕು, ಯಾವುದು ಬೇಡ ಅಂತ ಶಾಲೆಯೇ ತೀರ್ಮಾನಿಸುವ ಪದ್ಧತಿ ಇರುವಷ್ಟು ಕಾಲ ಸುಧಾರಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ವೋಚರ್ ವಿಚಾರವನ್ನು 1955ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಮುಂದಿಟ್ಟರು. ದಕ್ಷಿಣ ಅಮೆರಿಕದ ಚಿಲಿ 1981ರಲ್ಲಿ ಅದನ್ನು ತನ್ನ ದೇಶದ ಉದ್ದಗಲಕ್ಕೂ ಜಾರಿಗೆ ತಂದಿತು. ಅಲ್ಲಿ ವೋಚರ್ ಪಡೆಯುವ ಖಾಸಗಿ ಶಾಲೆಗಳು ಮಕ್ಕಳನ್ನು ಸೋಸಿ ಸೇರಿಸಿಕೊಂಡವು. ಮುಂದೆ ಮೇಲಿಂದ ಫೀಸು ಕೇಳುವುದಕ್ಕೂ ಅವಕಾಶ ಸಿಕ್ಕಿತು. ಅನುಕೂಲ ಇದ್ದವರೆಲ್ಲ ಅತ್ತ ಹೋದರು, ಸರ್ಕಾರಿ ಶಾಲೆಯಲ್ಲಿ ಬಡವರ ಮಕ್ಕಳೇ ಜಾಸ್ತಿ ಉಳಿದರು. 2006 ಮತ್ತು 2011ರಲ್ಲಿ ವಿದ್ಯಾರ್ಥಿಗಳೇ ಬೀದಿಗಿಳಿದರು. ಕೊನೆಗೆ 2015ರಲ್ಲಿ ಆ ಸೋಸುವಿಕೆ, ಮೇಲಿನ ಫೀಸು, ಲಾಭ ಮೂರನ್ನೂ ಹಂತಹಂತವಾಗಿ ನಿಲ್ಲಿಸಲು ಕಾನೂನು ಬಂತು.

ಅಷ್ಟು ದೂರ ಯಾಕೆ, ನಮ್ಮ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟನ್ನೇ ನೋಡಿ. ಖಾಸಗಿ ಶಾಲೆಯ 25% ಸೀಟು ಬಡ ಮಕ್ಕಳಿಗೆ, ಫೀಸು ಸರ್ಕಾರ ಕೊಡುತ್ತದೆ. ಅದೂ ಒಂದು ಬಗೆಯ ವೋಚರೇ ಅಲ್ವಾ? ಲಾಟರಿಯಲ್ಲಿ ಹೆಸರು ಬಂದಾಗ ನಮ್ಮ ಬೀದಿಯ ಗಾರ್ಮೆಂಟ್ಸ್ ಕೆಲಸದ ತಾಯಂದಿರ ಖುಷಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಖುಷಿ ಸುಳ್ಳಲ್ಲ. ಆದರೆ ಆಮೇಲೆ ವ್ಯಾನು, ಯೂನಿಫಾರ್ಮು, 'ಆ್ಯಕ್ಟಿವಿಟಿ' ಅಂತ ಒಂದೊಂದೇ ಚೀಟಿ ಮನೆಗೆ ಬರುತ್ತದೆ. ಎಂಟನೇ ಕ್ಲಾಸಿಗೆ ಆರ್‌ಟಿಇ ಮುಗಿಯುತ್ತದೆ. ಒಂಬತ್ತಕ್ಕೆ ಪೂರ್ತಿ ಫೀಸು ಕಟ್ಟಲಾಗದೆ ಮಗು ನಮ್ಮ ಕಡೆ ವಾಪಸ್ ಬರುತ್ತದೆ, ಅದೂ ಎಸ್ಸೆಸ್ಸೆಲ್ಸಿಗೆ ಇನ್ನೆರಡೇ ವರ್ಷ ಇರುವಾಗ. 2018ರ ಕೊನೆಯಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಅಂದರು. ಬೆಂಗಳೂರಿನಂಥ ಊರಲ್ಲಿ ಅಂಥ ಶಾಲೆ ಹತ್ತಿರ ಇಲ್ಲದ ಬೀದಿ ಎಷ್ಟಿದೆ ಹೇಳಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಆಂಧ್ರದ ಹಳ್ಳಿಗಳಲ್ಲಿ ಲಾಟರಿ ಎತ್ತಿ ವೋಚರ್ ಕೊಟ್ಟು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅಧ್ಯಯನ ಮಾಡಿದ್ದರು, 2015ರಲ್ಲಿ ಪ್ರಕಟವಾಯಿತು. ತೆಲುಗು, ಗಣಿತದಲ್ಲಿ ವೋಚರ್ ಮಕ್ಕಳು ಮುಂದೆ ಹೋಗಲಿಲ್ಲ, ಹಿಂದಿಯಲ್ಲಿ ಹೋದರು. ಆದರೆ ಒಂದು ಮಗುವಿಗೆ ಖಾಸಗಿ ಶಾಲೆಯ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ವೋಚರ್ ಪರ ಇರುವವರ ಗಟ್ಟಿ ವಾದ ಇದೇ, ತಳ್ಳಿಹಾಕುವಂತಿಲ್ಲ. ನನ್ನ ಪ್ರಶ್ನೆ ಬೇರೆ: ಆ ಉಳಿತಾಯದಲ್ಲಿ ದೊಡ್ಡ ಪಾಲು ಬರುವುದು ಟೀಚರ್ ಸಂಬಳ ಕಡಿಮೆ ಇರುವುದರಿಂದ. ಅದೇ ದಾರಿಯಲ್ಲಿ ರಾಜ್ಯವೆಲ್ಲ ಹೋಗಬೇಕಾ?

ಇನ್ನು ಫಲಿತಾಂಶದ ಪೈಪೋಟಿ. '100% ರಿಸಲ್ಟ್' ಫ್ಲೆಕ್ಸ್ ಉಳಿಸಿಕೊಳ್ಳಲು ಒಂಬತ್ತನೇ ಕ್ಲಾಸಲ್ಲೇ ಮಗುವಿನ ಕೈಗೆ ಟಿಸಿ ಕೊಟ್ಟ ಶಾಲೆ ನಮ್ಮ ಏರಿಯಾದಲ್ಲೇ ಇದೆ. ಅಲ್ಲಿ ಪಾಠ ಏನೂ ಸುಧಾರಿಸಿಲ್ಲ, ಲೆಕ್ಕದಿಂದ ಒಂದು ಮಗು ಹೊರಗೆ ಹೋಯಿತು ಅಷ್ಟೇ. ಆ ಮಗುವನ್ನು ಸೇರಿಸಿಕೊಂಡ ಸರ್ಕಾರಿ ಶಾಲೆಯ ರಿಸಲ್ಟು ಇಳಿಯಿತು. ಈಗ ಎಲ್ಲರೂ ಬೈಯುವುದು ಅದನ್ನೇ.

ಪೋಷಕರ ಆಸೆಯನ್ನು ನಾನು ತಪ್ಪು ಅನ್ನುತ್ತಿಲ್ಲ. ಅವರಿಗೆ ಇಂಗ್ಲಿಷ್ ಬೇಕು, ಎಲ್‌ಕೆಜಿ ಬೇಕು, ದಿನಾ ಬರುವ ಟೀಚರ್ ಬೇಕು. ಅವು ಸಿಕ್ಕ ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಅನ್ನುವ ಸರ್ಕಾರಿ ಶಾಲೆಗಳಲ್ಲಿ ದಾಖಲಾತಿಗೆ ಜನ ಸಾಲು ನಿಲ್ಲುತ್ತಾರೆ. ಹಾಗಾಗಿ ವೋಚರ್‌ಗೆ ಮೊದಲು ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬಿ ಅಂತ ಕೇಳುತ್ತೇನೆ. ವೋಚರ್ ತಂದೇ ತರುತ್ತೀರಿ ಅಂದರೆ, ದಾಖಲಾತಿ ಲಾಟರಿಯಲ್ಲೇ ಆಗಲಿ, ಮೇಲಿಂದ ಒಂದು ರೂಪಾಯಿಯೂ ಕೇಳಬಾರದು, ಹತ್ತನೇ ಕ್ಲಾಸಿನ ತನಕ ಟಿಸಿ ಕೊಟ್ಟು ಕಳಿಸುವ ಹಾಗಿಲ್ಲ ಅಂತ ಮೊದಲೇ ಕಾನೂನು ಮಾಡಿ.