ಗುಂಪಿನ ಪ್ರಾಜೆಕ್ಟ್ ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದಾ?

ಐದು ಜನ ಸೇರಿ ಮಾಡಿದ ಪ್ರಾಜೆಕ್ಟನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ನಿಮ್ಮ ಕೆಲಸಗಳನ್ನು ತೋರಿಸುವ ಸಂಗ್ರಹದಲ್ಲಿ, ತೋರಿಸಬಹುದಾ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ. ನಿಮ್ಮ ಪಾಲು ಯಾವುದು ಅಂತ ಮೊದಲ ಪುಟದಲ್ಲೇ ಬರೆಯಿರಿ, ಅಷ್ಟೆ.

ನಾನು ಪ್ರಾಡಕ್ಟ್ ಡಿಸೈನ್ ಓದುತ್ತಿದ್ದೇನೆ. ನಮ್ಮ ಗುಂಪು ಚನ್ನಪಟ್ಟಣದ ಗೊಂಬೆ ಕೆಲಸ ದಾಖಲಿಸಲು ಹೋಗಿತ್ತು. ಒಬ್ಬಳದು ಫೋಟೊ, ಒಬ್ಬನದು ಮಾತುಕತೆ, ನನ್ನದು ಸ್ಕೆಚ್. ಲೇತ್ ಯಂತ್ರದಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನೋಡುತ್ತಾ ನಿಂತುಬಿಟ್ಟಿದ್ದೆ! ಆದರೆ ಎಷ್ಟು ಬಲವಾಗಿ ಒತ್ತಬೇಕು ಎಂಬುದು ನನ್ನ ಸ್ಕೆಚ್‌ನಲ್ಲಿ ಬರಲೇ ಇಲ್ಲ. ಗೆಳೆಯ ಕುಶಲಕರ್ಮಿಯನ್ನು ಕೇಳಿ ಬರೆದುಕೊಂಡಿದ್ದ. ಅದನ್ನು ಓದಿ ನನ್ನ ಚಿತ್ರ ತಿದ್ದಿದೆ.

ಮುಂದಿನ ಸೆಮಿಸ್ಟರ್‌ನಲ್ಲಿ ಒಬ್ಬಳೇ ಮಗುವಿನ ಗಿಲಕಿ ಮಾಡಿದೆ. ಎಲ್ಲ ನಿರ್ಧಾರ ನನ್ನದೇ, ಖುಷಿ ಜಾಸ್ತಿ. ಆದರೆ ಹಿಡಿ ದಪ್ಪವಾಗಿ ಮಗುವಿನ ಕೈಗೆ ಸಿಗಲಿಲ್ಲ. ಜೊತೆಗೆ ಯಾರಾದರೂ ಇದ್ದಿದ್ದರೆ ಮೊದಲ ವಾರವೇ ಹೇಳುತ್ತಿದ್ದರು, ಅಲ್ವಾ?

ನಾನು ಎರಡನ್ನೂ ಹಾಕಿದ್ದೇನೆ, ಆ ದಪ್ಪ ಹಿಡಿಯ ಫೋಟೊ ಸಮೇತ. ನಿಮ್ಮ ಗುಂಪಿನವರ ಹೆಸರನ್ನು ಅವರವರ ಕೆಲಸದ ಪಕ್ಕದಲ್ಲೇ ಹಾಕಿ.