ರೈಟ್ ಕ್ಲಿಕ್ ಮೆನು ಗಿಡ್ಡ, ಮೌಸ್ ತುಂಟ

ಪ್ರಶ್ನೆ: ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ವಿಂಡೋಸ್ 11 ಹಾಕಿಸಿದ ಮೇಲೆ ರೈಟ್ ಕ್ಲಿಕ್ ಮೆನುವಿನಲ್ಲಿ ಅರ್ಧ ಆಯ್ಕೆಗಳೇ ಇಲ್ಲ. ಜೊತೆಗೆ ಒಂದು ಸಲ ಕ್ಲಿಕ್ ಮಾಡಿದರೂ ಫೈಲ್ ತೆರೆದುಬಿಡುತ್ತದೆ. ಏನ್ ಮಾಡಬೇಕ್ರಿ?

ಉತ್ತರ: ಮೆನು ಎಲ್ಲೂ ಹೋಗಿಲ್ಲರಿ, ಅಡಗಿದೆ ಅಷ್ಟೆ. ಶಿಫ್ಟ್ ಕೀ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿ, ಹಳೇ ಉದ್ದನೆಯ ಮೆನು ಬರುತ್ತದೆ. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ, ಅದನ್ನು ತಿದ್ದಿ ಈ ಮೆನುವನ್ನೇ ಕಾಯಂ ಮಾಡಬಹುದು. ಆದರೆ ದಿನವಿಡೀ ಗಿರಾಕಿ ನಿಲ್ಲುವ ಅಂಗಡಿಯ ಕಂಪ್ಯೂಟರಿನಲ್ಲಿ ಆ ಸಾಹಸ ಸುಮ್ನೆ ಯಾಕೆ?

ಇನ್ನು ಮೌಸ್. ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್ ತೆರೆದು, ಸಿಂಗಲ್ ಕ್ಲಿಕ್‌ಗೆ ಗುರುತು ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಡಬಲ್ ಕ್ಲಿಕ್‌ಗೆ ಬದಲಿಸಿ, ಮುಗೀತು. ಇಲ್ಲವಾದರೆ ಒಂದು ಫೈಲನ್ನು ಹಿಡಿದು ಬೇರೆ ಫೋಲ್ಡರಿಗೆ ಎಳೆಯಿರಿ. ನಡುದಾರಿಯಲ್ಲೇ ಕೈಬಿಟ್ಟು ಬೀಳುತ್ತಿದ್ದರೆ ಎಡಗುಂಡಿಯ ಒಳಗಿನ ಪುಟ್ಟ ಸ್ವಿಚ್ ಸವೆದಿರಬೇಕು. ಒಂದೇ ಒತ್ತು ಎರಡಾಗಿ ದಾಖಲಾಗುವುದು ಅದರಿಂದಲೇ. ಖಾತ್ರಿ ಬೇಕಾ? ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಮತ್ತು ಡಿವೈಸಸ್, ಅಲ್ಲಿ ಮೌಸ್, ಅದರಲ್ಲಿ ಪ್ರೈಮರಿ ಬಟನ್ ಅನ್ನು ಬಲಕ್ಕೆ ಬದಲಿಸಿ. ಬಲಗುಂಡಿ ಸರಿಯಾಗಿ ನಡೆದರೆ ತಪ್ಪು ವಿಂಡೋಸ್‌ನದಲ್ಲ. ಸಾದಾ ಮೌಸ್ ಆದರೆ ರಿಪೇರಿಗಿಂತ ಹೊಸದೇ ಅಗ್ಗ.

ಹಾಂ, ನಿಮ್ಮ ಕೌಂಟರ್ ಮೇಲೆ ಗಾಜು ಇದೆಯಾ? ಕೆಳಗೆ ಪಾಸ್‌ಪೋರ್ಟ್ ಫೋಟೊ, ದರದ ಚೀಟಿ ಇಟ್ಟು ಮೇಲೆ ಗಾಜು ಹಾಸುವುದು ಎಲ್ಲರ ರೂಢಿ. ಆ ಗಾಜಿನ ಮೇಲೆ ಆಪ್ಟಿಕಲ್ ಮೌಸ್ ಓಡಿಸಿದರೆ ಬಾಣ ಕುಣಿಯುತ್ತದೆ. ಮೌಸ್ ಪ್ಯಾಡ್ ಇಲ್ಲದಿದ್ದರೆ ಹಳೇ ಲಗ್ನಪತ್ರಿಕೆ ತಿರುವಿ ಹಾಕಿ, ಸಾಕು.