ಅಲ್ಸರ್ ಮರುಕಳಿಸಿದರೆ ಎರಡನೇ ಆಪರೇಷನ್: ಮಾಡಿಸಿಕೊಂಡವನ ಉತ್ತರ

ನಿಮ್ಮ ತಂದೆಯವರಿಗೆ ಹದಿನೆಂಟು ವರ್ಷದ ಹಿಂದೆ ಹೊಟ್ಟೆ ಹುಣ್ಣಿಗೆ ಆಪರೇಷನ್ ಆಗಿತ್ತು, ಈಗ ಮತ್ತೆ ಹುಣ್ಣು ಕಾಣಿಸಿಕೊಂಡಿದೆ, ಇನ್ನೊಮ್ಮೆ ಆಪರೇಷನ್ ಮಾಡಿಸಿದರೆ ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಕೋಲಾರದ ಎಪಿಎಂಸಿಯಲ್ಲಿ ಮಂಡಿ ಲೆಕ್ಕ ಬರೆದು ಬದುಕಿದವನು. ಆದರೆ ನನ್ನ ಹೊಟ್ಟೆಯನ್ನು 1991ರಲ್ಲಿ ಒಮ್ಮೆ, 2004ರಲ್ಲಿ ಇನ್ನೊಮ್ಮೆ ತೆರೆದಿದ್ದಾರೆ. ಎರಡನೆಯದಾದ ಮೇಲೆ ಹುಣ್ಣು ಮರಳಿ ಬಂದಿಲ್ಲ. ಹಾಗೆಂದು ಅದನ್ನು ಪೂರ್ತಿ ವಾಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೊದಲ ಸಲ, ಹಳೆಯ ಹುಣ್ಣಿನ ಕಲೆ ಬಿಗಿದು ಜಠರದಿಂದ ಕರುಳಿಗೆ ಹೋಗುವ ದಾರಿಯೇ ಮುಚ್ಚಿಕೊಂಡಿತ್ತು. ಬೆಳಿಗ್ಗೆ ತಿಂದದ್ದು ಸಂಜೆಗೆ ಹಾಗೆಯೇ ವಾಂತಿಯಾಗುತ್ತಿತ್ತು. ಆಮ್ಲ ಸುರಿಸುವ ವೇಗಸ್ ನರವನ್ನು ಕತ್ತರಿಸಿ, ಜಠರವನ್ನು ಸಣ್ಣ ಕರುಳಿಗೆ ಸೇರಿಸಿ ಹೊಸ ದಾರಿ ಹೊಲಿದರು. ಅಲ್ಸರ್‌ಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ 1980ರ ದಶಕದಲ್ಲೇ ಹೇಳಿದ್ದರು, 2005ರಲ್ಲಿ ನೊಬೆಲ್ ಕೂಡ ಪಡೆದರು. ನನ್ನ ಹೊಟ್ಟೆಯವರೆಗೆ ಆ ಸುದ್ದಿ ಬರುವುದು ತಡವಾಯಿತು.

ಹದಿಮೂರು ವರ್ಷ ಚೆನ್ನಾಗಿದ್ದೆ. ನಮ್ಮ ಕಡೆ ಮಂಡಿಯಲ್ಲಿ ಕೂತವನಿಗೆ ಮಂಡಿ ನೋವು ತಪ್ಪಿದ್ದಲ್ಲ. ನನಗೆ ಸೊಂಟವೂ ಸೇರಿಕೊಂಡಿತು. ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ಎಂಬ, ಹುಣ್ಣು ತರಬಲ್ಲ ನೋವಿನ ಮಾತ್ರೆ ತಂದು ಖಾಲಿ ಹೊಟ್ಟೆಗೆ ಟೀ ಜೊತೆ ನುಂಗುತ್ತಿದ್ದೆ, ಮೇಲೆ ಒಂದು ಬೀಡಿ. ಒಂದು ದಿನ ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಹೋಯಿತು, ಒಳಗೆ ರಕ್ತ ಸುರಿಯುತ್ತಿರುವ ಗುರುತು. ಹಿಂದೆ ಹೊಲಿದ ಜಾಗದ ಅಂಚಿನಲ್ಲೇ ಹೊಸ ಹುಣ್ಣು. ಎಂಡೋಸ್ಕೋಪಿಯಲ್ಲಿ ರಕ್ತ ನಿಲ್ಲಿಸಿದರು, ಎರಡೇ ದಿನಕ್ಕೆ ಮತ್ತೆ ಸುರಿಯಿತು. ಆಗ ಕೊಯ್ಯದೆ ಬೇರೆ ದಾರಿ ಇರಲಿಲ್ಲ.

ಒಮ್ಮೆ ತೆರೆದ ಹೊಟ್ಟೆಯಲ್ಲಿ ಕರುಳು, ಜಠರ, ಯಕೃತ್ತು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸುವುದಕ್ಕೇ ಅರ್ಧ ಹೊತ್ತು ಹಿಡಿಯಿತು ಎಂದು ಸರ್ಜನ್ ಹೇಳಿದರು. ಎರಡನೇ ಆಪರೇಷನ್ನಿನ ಅಪಾಯ ಹೆಚ್ಚುವುದು ಇದರಿಂದಲೇ. ಉಳಿದಿದ್ದ ನರದ ಎಳೆಯನ್ನು ಹುಡುಕಿ ಕತ್ತರಿಸಿ, ಜಠರದ ಕೆಳಭಾಗವನ್ನು ತೆಗೆದರು. ಹುಣ್ಣಿನ ಮಟ್ಟಿಗೆ ಇದು ಗಟ್ಟಿ ಚಿಕಿತ್ಸೆ. ನರ ಕತ್ತರಿಸಿ ದಾರಿ ಮಾತ್ರ ಮಾಡಿದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಹುಣ್ಣು ಮರಳುತ್ತದೆ, ಕೆಳಭಾಗವನ್ನೂ ತೆಗೆದರೆ ಒಬ್ಬಿಬ್ಬರಿಗೆ.

ಬೆಲೆ ತೆರುವುದು ಊಟದ ಎಲೆಯ ಮುಂದೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಹಳೆಯ ಅಳತೆಯಲ್ಲೇ ಮುದ್ದೆ, ಬಸ್ಸಾರು ಉಂಡು ಅಂಗಡಿಗೆ ಹೋದೆ. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ಟೊಮೆಟೊ ಬಾಕ್ಸ್‌ಗಳ ಸಾಲಿನ ನಡುವೆ ಗೋಣಿಚೀಲ ಹಾಸಿ ಮಲಗಿಸಿದರು. ಹರಾಜು ಕೂಗುವುದು ಕೇಳಿಸುತ್ತಿತ್ತು, ಏಳಲು ಆಗುತ್ತಿರಲಿಲ್ಲ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ: ತಿಂದದ್ದು ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿಯುತ್ತದೆ. ಒಬ್ಬಟ್ಟು ತಿಂದ ದಿನವಾದರೆ ಎರಡು ಗಂಟೆ ಬಿಟ್ಟು ಸಕ್ಕರೆ ಅಂಶ ಕುಸಿದು ಕೈ ನಡುಗುತ್ತದೆ. ಈಗ ನನ್ನ ಮುದ್ದೆ ನಿಂಬೆಹಣ್ಣಿನ ಗಾತ್ರ, ದಿನಕ್ಕೆ ಆರು ಸಲ ಊಟ, ನೀರು ಊಟದ ಜೊತೆಗಲ್ಲ, ನಂತರ. ಅಗಿದು ತಿನ್ನಿ ಎಂದರು ಡಾಕ್ಟರು. ಮುದ್ದೆ ಅಗಿಯುವವನನ್ನು ನಮ್ಮೂರಿನಲ್ಲಿ ಹೇಗೆ ನೋಡುತ್ತಾರೆಂದು ಅವರಿಗೇನು ಗೊತ್ತು! ಹತ್ತು ಕೆಜಿ ಇಳಿದದ್ದು ಮತ್ತೆ ಬರಲಿಲ್ಲ. ಬಿ12 ಇಂಜೆಕ್ಷನ್, ಕಬ್ಬಿಣದ ಮಾತ್ರೆ ಜೀವನಪೂರ್ತಿ.

ಸಿಟ್ಟು ಬರುವುದು ಇನ್ನೊಂದಕ್ಕೆ. ಆ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷಿಸಿದ್ದು ಎರಡನೇ ಆಪರೇಷನ್ ಆದ ಮೇಲೆ! ಇತ್ತು. ಹದಿನಾಲ್ಕು ದಿನದ ಮಾತ್ರೆಗೆ ಹೋಯಿತು.

ಆದ್ದರಿಂದ ನಿಮ್ಮ ತಂದೆಯವರಿಗೆ ರಕ್ತಸ್ರಾವ, ತೂತು, ದಾರಿ ಮುಚ್ಚಿಕೊಂಡಿರುವುದು ಇವು ಇಲ್ಲವಾದರೆ, ಆಪರೇಷನ್ನಿಗೆ ಆತುರ ಬೇಡ. ಹುಣ್ಣು ಮರಳಿದ್ದೇಕೆ ಎಂದು ಮೊದಲು ಕೇಳಿ. ಆಮ್ಲ ತಗ್ಗಿಸುವ ಈಗಿನ ಮಾತ್ರೆಗಳಲ್ಲೇ ಇಂಥ ಹುಣ್ಣುಗಳು ಬಹುಪಾಲು ಮಾಗುತ್ತವೆ. ಪೈಲೋರಿ ಪರೀಕ್ಷೆಗೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್‌ನಂಥ ಆ ಆಮ್ಲದ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಇರುವುದೂ ಇಲ್ಲವೆಂದು ಬರಬಹುದು. ನಿಲ್ಲಿಸಬಹುದೇ ಎಂದು ಡಾಕ್ಟರನ್ನೇ ಕೇಳಿ. ಎಂಡೋಸ್ಕೋಪಿಯಲ್ಲಿ ಬಯಾಪ್ಸಿಗೆ ಚೂರು ತೆಗೆದರೆ ಹೆದರಬೇಡಿ, ಜಠರದ ಆಪರೇಷನ್ ಆಗಿ ಹದಿನೈದು ಇಪ್ಪತ್ತು ವರ್ಷ ಕಳೆದವರಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಎಲ್ಲ ಮಾಡಿಯೂ ಹುಣ್ಣು ಮಾಗದಿದ್ದರೆ ರಕ್ತದಲ್ಲಿ ಗ್ಯಾಸ್ಟ್ರಿನ್, ಅಂದರೆ ಆಮ್ಲ ಸುರಿಸುವ ಹಾರ್ಮೋನ್, ಹೆಚ್ಚಿದೆಯೇ ಎಂದು ನೋಡುತ್ತಾರೆ.

ಹೋಗುವಾಗ ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ಒಯ್ಯಿರಿ, ಅಂದು ಏನನ್ನು ಕತ್ತರಿಸಿ ಎಲ್ಲಿಗೆ ಸೇರಿಸಿದ್ದಾರೆಂದು ಅದರಲ್ಲಿರುತ್ತದೆ. ಜೊತೆಗೆ ತಂದೆಯವರ ದಿಂಬಿನ ಕೆಳಗೆ, ಅಂಗಿ ಜೇಬಿನಲ್ಲಿ ಇರುವ ನೋವಿನ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಕವರಿಗೆ ಹಾಕಿಕೊಳ್ಳಿ. ಕೇಳಿದರೆ ಅವರು ಹೇಳುವುದಿಲ್ಲ, ನಾನೂ ಹೇಳಿರಲಿಲ್ಲ. ಹೃದಯಕ್ಕೆಂದು ಆಸ್ಪಿರಿನ್ ಕೊಟ್ಟಿದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.